ಪಾರ್ಕಿನ ಕೌಂಟರ್, ಮನೆಯ ಬುತ್ತಿ, ಹೊರಗಿನ ಮೀನೂಟ: ದೊಡ್ಡವರ ರುಚಿಯ ಮಗುವಿಗೆ ಯಾವುದು ಒಗ್ಗಿತು

ನನ್ನ ಮಗಳಿಗೆ ಈಗ ಎಂಟು ವರ್ಷ. ಬಂಗುಡೆ ಮೀನಿನ ಪುಳಿಮುಂಚಿ (ಹುಳಿಖಾರದ ಮಸಾಲೆ), ಹಾಗಲಕಾಯಿ ಮೆಣಸ್ಕಾಯಿ, ಗಂಜಿಯ ಜತೆಗೆ ಒಣಸಿಗಡಿ ಚಟ್ನಿ, ಇವೆಲ್ಲ ಅವಳು ಕೇಳಿ ಬಡಿಸಿಕೊಂಡು ಉಣ್ಣುವ ಪದಾರ್ಥಗಳು. ಫ್ರೆಂಚ್ ಫ್ರೈಸ್ ಕೊಟ್ಟರೆ ಎರಡು ತುಂಡು ತಿಂದು ತಟ್ಟೆಯನ್ನು ಆಚೆಗೆ ಸರಿಸುತ್ತಾಳೆ. ಇದನ್ನು ಹಟವೆಂದು ಕರೆಯುವ ನೆಂಟರಿದ್ದಾರೆ, ನಾನು ಹಾಗೆ ಭಾವಿಸಿಲ್ಲ. ಹುಳಿ, ಖಾರ, ಕಹಿ ಮೂರೂ ದಿನನಿತ್ಯ ಬೀಳುವ ಬಟ್ಟಲಿನಲ್ಲಿ ಉಂಡು ಬೆಳೆದ ನಾಲಗೆಗೆ ಬರಿಯ ಉಪ್ಪು ಮತ್ತು ಎಣ್ಣೆ ಸಪ್ಪೆ ಎನಿಸುವುದು ಸಹಜ. ತೊಂದರೆ ಎದುರಾಗುವುದು ಥೀಮ್ ಪಾರ್ಕಿಗೆ ಹೋದ ದಿನ. ಅಲ್ಲಿ ಮಕ್ಕಳಿಗೆಂದು ಇಟ್ಟಿರುವುದನ್ನು ಇವಳು ತಿನ್ನುವುದಿಲ್ಲ, ಇವಳು ತಿನ್ನುವುದನ್ನು ಅಲ್ಲಿ ಯಾರೂ ಮಾಡುವುದಿಲ್ಲ.

ಕಳೆದ ಎರಡು ಬೇಸಿಗೆ ರಜೆಗಳಲ್ಲಿ ನಾವು ಉಡುಪಿಯಿಂದ ಹೊರಟು ಕರಾವಳಿಯದೂ ಹೊರಗಿನದೂ ಸೇರಿ ಹಲವು ಬಾರಿ ಇಂಥ ಪಾರ್ಕುಗಳಿಗೆ ಹೋಗಿ ಬಂದೆವು. ಊಟಕ್ಕೆ ಮೂರು ದಾರಿಗಳನ್ನು ಪ್ರಯತ್ನಿಸಿದೆವು.

ಮೊದಲನೆಯದು ಪಾರ್ಕಿನೊಳಗಿನ ಕೌಂಟರ್. ಇದರ ಅನುಕೂಲವನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ನೀರಿನಿಂದ ಎದ್ದು ಬಂದ ಮಗುವಿನ ಹಸಿವು ಕಾಯುವುದಿಲ್ಲ, ಒದ್ದೆ ಬಟ್ಟೆಯಲ್ಲೇ ಹತ್ತು ಹೆಜ್ಜೆ ನಡೆದು ಏನಾದರೂ ಬಾಯಿಗೆ ಹಾಕಿಕೊಳ್ಳುವ ಸೌಕರ್ಯ ಬೇರೆಲ್ಲೂ ಸಿಗದು. ಆದರೆ ನೂಡಲ್ಸ್, ಬರ್ಗರ್, ಗೋಬಿ ಮಂಚೂರಿ ಎಂಬ ಪಟ್ಟಿ ಎಲ್ಲ ಕಡೆಯೂ ಒಂದೇ. ಮೊದಲ ಸಲ ನಾವು ಅದರಲ್ಲೇ ಆರಿಸಿದೆವು. ಮಗಳು ಅರೆಹೊಟ್ಟೆಯಲ್ಲಿ ಉಳಿದಳು, ಮೂರು ಗಂಟೆಯ ಹೊತ್ತಿಗೆ ಜಾರುಬಂಡಿಯ ಮೆಟ್ಟಿಲಿನ ಬುಡದಲ್ಲಿ ಕುಳಿತು "ಅಮ್ಮಾ, ಮನೆಗೆ ಹೋಗುವ" ಎಂದು ಅಳತೊಡಗಿದಳು. ಎರಡನೆಯ ಸಲ ನಾನು ತಿಂಡಿಗಳ ಕೌಂಟರನ್ನು ಬಿಟ್ಟು ದೊಡ್ಡವರು ಊಟ ಮಾಡುವ ಕಡೆಗೆ ಹೋದೆ. ಅಲ್ಲಿ ಅನ್ನ, ಸಾಂಬಾರು, ಮೊಸರು ಇತ್ತು, ಕೇಳಿದರೆ ಹಸಿಮೆಣಸು ಮತ್ತು ಕಾಳುಮೆಣಸಿನ ಪುಡಿ ಹಾಕಿ ಆಮ್ಲೆಟ್ ಮಾಡಿಕೊಡುವವರಿದ್ದರು. ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲವೆಂದು ಗೇಟಿನಲ್ಲಿ ಬರೆದಿತ್ತಾದರೂ, ಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿಯನ್ನು ತೆರೆದು ತೋರಿಸಿ ವಿಷಯ ಹೇಳಿದಾಗ ಕಾವಲಿನವರು ತಡೆಯಲಿಲ್ಲ. ಮೊಸರನ್ನ, ಮಾವಿನ ಮಿಡಿ, ಖಾರದ ಆಮ್ಲೆಟ್ ಇಷ್ಟರಲ್ಲಿ ಅವಳ ಊಟ ಚೆನ್ನಾಗಿಯೇ ಆಯಿತು. ಮಕ್ಕಳ ಪಟ್ಟಿಯಿಂದ ಆರಿಸಬೇಕೆಂದು ನಾವೇ ಕಟ್ಟಿಕೊಂಡ ನಿಯಮವನ್ನು ಬಿಟ್ಟುದೇ ಇಲ್ಲಿ ದೊಡ್ಡ ಲಾಭ.

ಎರಡನೆಯ ದಾರಿಯಾದ ಮನೆಯ ಬುತ್ತಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಾನು ಹೆಚ್ಚು ಕಲಿತದ್ದು ಇದರಲ್ಲಿ. ಬುತ್ತಿ ಕಾರಿನಲ್ಲೇ ಉಳಿಯುತ್ತದೆ, ಮಧ್ಯಾಹ್ನ ಹೊರಗೆ ಬಂದು ಉಣ್ಣಬೇಕು. ಹಾಗೆ ಬಂದವರನ್ನು ಅದೇ ಟಿಕೆಟಿನಲ್ಲಿ ಮತ್ತೆ ಒಳಗೆ ಬಿಡುತ್ತಾರೆಯೇ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಬೇಕು. ಬಿಸಿಲಿನಲ್ಲಿ ನಿಂತ ಕಾರು ಏಪ್ರಿಲ್ ತಿಂಗಳಲ್ಲಿ ಒಲೆಯಷ್ಟೇ ಕಾಯುತ್ತದೆ ಎಂಬುದು ಮೊದಲ ಬುತ್ತಿಯ ದಿನವೇ ತಿಳಿಯಿತು. ಬೆಳಿಗ್ಗೆ ಹುರಿದು ಡಬ್ಬಿಯಲ್ಲಿ ತುಂಬಿದ್ದ ಬಂಗುಡೆಯನ್ನು ಮಧ್ಯಾಹ್ನ ಮೂಸಿ ನೋಡಿ ಎಸೆದೆ, ಮಗಳು ಬಿಟ್ಟ ಕಣ್ಣು ಬಿಟ್ಟಂತೆ ಆ ಡಬ್ಬಿಯನ್ನೇ ನೋಡುತ್ತಿದ್ದಳು. ಎಸೆದುದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಬಂಗುಡೆ, ಬೂತಾಯಿಯಂಥ ಮೀನುಗಳು ಸೆಕೆಯಲ್ಲಿ ಉಳಿದರೆ ಅವುಗಳಲ್ಲಿ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ, ಅದು ಮತ್ತೆ ಕಾಯಿಸಿದರೂ ಹೋಗುವುದಿಲ್ಲ, ಮುಖ ಕೆಂಪಾಗಿ ತುರಿಕೆ ಮತ್ತು ವಾಂತಿ ತರಬಲ್ಲದು. ಮೀನನ್ನು ಬುತ್ತಿಗೆ ಕಟ್ಟಲೇಬಾರದೆಂದು ಅಂದೇ ನಿಶ್ಚಯಿಸಿದೆ.

ಮುಂದಿನ ಬಾರಿ ಕೋರಿರೊಟ್ಟಿಯನ್ನು ಕಟ್ಟಿದೆ. ಕುಚ್ಚಲಕ್ಕಿಯ ಹಿಟ್ಟಿನಿಂದ ಹಪ್ಪಳದಂತೆ ತೆಳುವಾಗಿ ಮಾಡಿದ ಆ ರೊಟ್ಟಿಯಲ್ಲಿ ನೀರಿನಂಶ ತೀರ ಕಡಿಮೆಯಿರುವ ಕಾರಣ ಅದು ಕಾರಿನ ಸೆಕೆಗೂ ಜಗ್ಗುವುದಿಲ್ಲ. ಕಾಳಜಿ ಬೇಕಾದುದು ಅದರ ಜತೆಯ ಕೋಳಿ ಗಸಿಯ, ಅಂದರೆ ಮಸಾಲೆ ಸಾರಿನ, ವಿಚಾರದಲ್ಲಿ. ತೆಂಗಿನಹಾಲು ಸೇರಿದ ಗಸಿ ಬೇಗ ಹಳಸುತ್ತದೆ, ಹಾಗಾಗಿ ಅಗಲ ಬಾಯಿಯ ಥರ್ಮಸ್ಸಿಗೆ ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕೊತಕೊತ ಕುದಿಯುತ್ತಿದ್ದ ಗಸಿಯನ್ನು ಅಂಚಿನವರೆಗೆ ಸುರಿದು ಮುಚ್ಚಿದೆ. ಬಿಸಿಯಾಗಿ ಇಡುವ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು ಎಂಬುದು ಲೆಕ್ಕ. ಬೆಳಿಗ್ಗೆ ಏಳಕ್ಕೆ ಮುಚ್ಚಿದ್ದನ್ನು ಹನ್ನೆರಡೂವರೆಗೆ ತೆರೆದು ಅಡುಗೆಮನೆಯ ಥರ್ಮಾಮೀಟರ್ ಅದ್ದಿದಾಗ 66 ತೋರಿಸಿತು. ಮಗಳು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟೆಯ ಮೇಲೆ ಚಟಚಟನೆ ಮುರಿದಳು, ಗಸಿ ಬಿದ್ದೊಡನೆ ಕೈ ಹಾಕದೆ, ತುಂಡುಗಳ ಅಂಚು ಮೆತ್ತಗಾಗಿ ನಡು ಇನ್ನೂ ಗರಿಯಾಗಿರುವ ಆ ಒಂದು ನಿಮಿಷಕ್ಕಾಗಿ ಕಾದಳು. ಅಂದು ಸಂಜೆ ಐದರವರೆಗೂ ಅವಳು ಹಸಿವೆಂದು ಹೇಳಲಿಲ್ಲ.

ಸಸ್ಯಾಹಾರದಲ್ಲಿ ಪುಂಡಿ (ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ) ಮತ್ತು ಹಾಗಲಕಾಯಿ ಮೆಣಸ್ಕಾಯಿ ಒಳ್ಳೆಯ ಜೋಡಿ. ಹುಣಸೆ ಮತ್ತು ಬೆಲ್ಲ ಸಾಕಷ್ಟು ಬೀಳುವ ಮೆಣಸ್ಕಾಯಿಯನ್ನು ಗಟ್ಟಿಯಾಗಿ ಕುದಿಸಿದರೆ ಅರ್ಧ ದಿನಕ್ಕೆ ಕೆಡುವುದಿಲ್ಲ. ನೀರುದೋಸೆ ಮಾತ್ರ ಬೇಡ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಬಾಳೆಹಣ್ಣಿನ ಬನ್ಸ್ ಕೆಡದೆ ಉಳಿಯುತ್ತದೆಯಾದರೂ ಅದರ ಸಿಹಿ ನನ್ನ ಮಗಳಿಗೆ ಹಿಡಿಸದು. ಬುತ್ತಿಯ ನಿಜವಾದ ಬೆಲೆ ಅಮ್ಮಂದಿರ ನಿದ್ದೆ. ರಜೆಯ ದಿನವೂ ನಾಲ್ಕೂವರೆಗೆ ಎದ್ದು ತೆಂಗಿನಕಾಯಿ ತುರಿಯುವ ಕೆಲಸವನ್ನು ಮನೆಯ ಎಲ್ಲರೂ ಹಂಚಿಕೊಳ್ಳದಿದ್ದರೆ ನಾನು ಈ ದಾರಿಯನ್ನು ಯಾರಿಗೂ ಸೂಚಿಸಲಾರೆ.

ಮೂರನೆಯದು, ಮಧ್ಯಾಹ್ನ ಹೊರಗೆ ಹೋಗಿ ಮೀನೂಟ ಮಾಡುವುದು. ವಾಟರ್ ಪಾರ್ಕಿನ ದಿನ ಇದು ನಮಗೆ ಕೂಡಿಬರಲಿಲ್ಲ. ಬಟ್ಟೆ ಬದಲಿಸಿ, ಊರೊಳಗೆ ಹೋಗಿ, ಜಾಗಕ್ಕಾಗಿ ಕಾದು ಮರಳುವಷ್ಟರಲ್ಲಿ ಎರಡು ಗಂಟೆಗೂ ಹೆಚ್ಚು ಕಳೆದು, ತೆತ್ತ ಟಿಕೆಟಿನ ಕಾಲುಭಾಗ ವ್ಯರ್ಥವಾಯಿತು. ಆದರೆ ಮಂಗಳೂರಿನ ಪಿಲಿಕುಳಕ್ಕೆ ಹೋದ ದಿನ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೊಂದಿರಲಿಲ್ಲ. ಪಿಲಿಕುಳವೆಂದರೆ ತುಳುವಿನಲ್ಲಿ ಹುಲಿಯ ಕೊಳ. ಅಲ್ಲಿ ಜೈವಿಕ ಉದ್ಯಾನ, ವಿಜ್ಞಾನ ಕೇಂದ್ರ, ಸ್ವಾಮಿ ವಿವೇಕಾನಂದ ತಾರಾಲಯ ಬೇರೆ ಬೇರೆಯಾಗಿಯೇ ಇರುವುದರಿಂದ, ಬೆಳಿಗ್ಗೆ ಪ್ರಾಣಿಗಳನ್ನು ನೋಡಿ ಮುಗಿಸಿ, ಊಟಕ್ಕೆ ಹೊರಗೆ ಹೋಗಿ, ಸೆಕೆ ಏರಿದ ಹೊತ್ತಿಗೆ ತಾರಾಲಯದ ತಂಪಿನಲ್ಲಿ ಕುಳಿತರೆ ಏನೂ ನಷ್ಟವಾಗುವುದಿಲ್ಲ. ನಾವು ಉಂಡ ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ತೊಂಡೆಕಾಯಿ ಪಲ್ಯ ಬಡಿಸಿದ ಹಿರಿಯರು ಬಂಗುಡೆ ಪುಳಿಮುಂಚಿಯ ತಟ್ಟೆಯನ್ನು ಕೈಯಲ್ಲೇ ಹಿಡಿದು "ಬಾಲೆಗ್ ಖಾರ ಆಪುಜಾ?" (ಮಗುವಿಗೆ ಖಾರವಾಗುವುದಿಲ್ಲವೇ?) ಎಂದು ತುಳುವಿನಲ್ಲಿ ನನ್ನನ್ನು ಕೇಳಿದರು. ಉತ್ತರ ಕೊಟ್ಟವಳು ಮಗಳು: "ಇಲ್ಲ ಅಜ್ಜ, ಇನ್ನೊಂದು ಹಾಕಿ." ಅವರು ಮೀನಿನ ಮೇಲೆ ಮಸಾಲೆಯನ್ನೂ ಒಂದು ಸೌಟು ಹೆಚ್ಚಿಗೆ ಬಡಿಸಿದರು. ಮಗುವನ್ನು ಉಣ್ಣುವವಳೆಂದು ಒಪ್ಪಿಕೊಂಡು ಬಡಿಸುವ ಆ ರೀತಿ ಪಾರ್ಕಿನ ಯಾವ ಕೌಂಟರಿನಲ್ಲೂ ನಮಗೆ ಕಂಡಿರಲಿಲ್ಲ.

ಇದಕ್ಕೆ ಒಂದು ಕಾಲದ ಮಿತಿಯಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆ ಎರಡು ತಿಂಗಳಲ್ಲಿ ತಾಜಾ ಮೀನು ಕಡಿಮೆ, ಐಸಿನದ್ದೇ ಹೆಚ್ಚು. ಆಗ ಹೊರಗೆ ಹೋದರೂ ಕೋಳಿಯನ್ನೇ ಕೇಳುವುದು ಲೇಸು.

ಈಗ ನಮ್ಮ ಮನೆಯಲ್ಲಿ ನಿಂತಿರುವ ಪದ್ಧತಿ ಹೀಗಿದೆ. ತಾಣಗಳು ಬಿಡಿಬಿಡಿಯಾಗಿರುವ ಕಡೆ ಹೊರಗಿನ ಮೀನೂಟ. ಇಡೀ ದಿನ ನೀರಿನಲ್ಲಿ ಕಳೆಯುವ ಕಡೆ, ಮರುಪ್ರವೇಶವಿದ್ದರೆ ಕೋರಿರೊಟ್ಟಿ ಮತ್ತು ಥರ್ಮಸ್. ಮರುಪ್ರವೇಶವಿಲ್ಲದಿದ್ದರೆ ಬೆಳಿಗ್ಗೆ ಹೊಟ್ಟೆ ತುಂಬ ಗಂಜಿ, ಮಧ್ಯಾಹ್ನ ಒಳಗಿನ ಅನ್ನ ಮತ್ತು ಮೊಸರು, ಜತೆಗೆ ಗೇಟಿನಲ್ಲಿ ಕೇಳಿ ಒಯ್ಯುವ ಮಿಡಿಯ ಭರಣಿ. ಆ ಭರಣಿಗೆ ರಬ್ಬರ್ ಉಂಗುರವಿರುವ ಮುಚ್ಚಳವನ್ನೇ ಆರಿಸಿ, ನಮ್ಮದು ಒಮ್ಮೆ ಸೋರಿ ಟವೆಲ್ಲುಗಳಿಗೆಲ್ಲ ಎಣ್ಣೆ ಹತ್ತಿತ್ತು.