ಡ್ಯಾನ್ ಗ್ರಾಸ್‌ಮನ್ ಅವರ ಪ್ರೋಗ್ರಾಮಿಂಗ್ ಲ್ಯಾಂಗ್ವೇಜಸ್ ಕೋರ್ಸ್: ಕಷ್ಟ ಇದೆ, ಆದ್ರೂ ಮಾಡಿ

ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಪ್ರೊಫೆಸರ್ ಡ್ಯಾನ್ ಗ್ರಾಸ್‌ಮನ್ ಕ್ಲಾಸಿನಲ್ಲಿ ಮಾಡುವ ಪಾಠವೇ ಕೋರ್ಸೆರಾ ಅನ್ನೋ ಆನ್‌ಲೈನ್ ಕೋರ್ಸ್ ತಾಣದಲ್ಲಿ ಎ, ಬಿ, ಸಿ ಅಂತ ಮೂರು ಭಾಗವಾಗಿ ಬಂದಿದೆ. ಒಂದೊಂದಕ್ಕೂ ಒಂದೊಂದು ಪ್ರೋಗ್ರಾಮಿಂಗ್ ಭಾಷೆ: ಎ ಭಾಗಕ್ಕೆ ಸ್ಟ್ಯಾಂಡರ್ಡ್ ಎಂಎಲ್ (ಮೆಷಿನ್ ಲರ್ನಿಂಗ್ ಅಲ್ಲ), ಬಿ ಭಾಗಕ್ಕೆ ರಾಕೆಟ್, ಸಿ ಭಾಗಕ್ಕೆ ರೂಬಿ. ಮೂರನ್ನೂ ಮುಗಿಸಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಇದೇ ವಿಷಯವನ್ನು ಭಾಷೆಗಳ ಪಟ್ಟಿ, ವ್ಯಾಖ್ಯೆ ಅಂತ ಉರು ಹೊಡೆದು ಪಾಸಾದವರೇ ಜಾಸ್ತಿ ಅಲ್ವಾ? ಅಂಥವರು ಇದನ್ನು ನೋಡಲೇಬೇಕು.

ಎಂಎಲ್ ಕಲಿತರೆ ಕೆಲಸ ಸಿಗುತ್ತಾ ಅಂತ ಕೇಳುವವರಿಗೆ ಒಂದು ಮಾತು. ಜಾವಾಗೆ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬಂದಿದ್ದು 2014ರಲ್ಲಿ, ಪೈಥಾನ್‌ಗೆ ಮ್ಯಾಚ್ (ಡೇಟಾದ ಆಕಾರ ನೋಡಿ ದಾರಿ ಆರಿಸುವುದು) ಬಂದಿದ್ದು 2021ರಲ್ಲಿ. ಎಂಎಲ್‌ನಲ್ಲಿ ಇವೆರಡೂ ದಶಕಗಳ ಹಿಂದೆಯೇ ಇದ್ದವು. ಇಲ್ಲಿ ಚೆನ್ನಾಗಿ ಕಲಿತವರಿಗೆ ಮುಂದೆ ಯಾವ ಭಾಷೆಯಲ್ಲಿ ಇವು ಸಿಕ್ಕರೂ ಗುರುತು ಸಿಗುತ್ತದೆ. ಮೊದಲ ಹೋಮ್‌ವರ್ಕ್ ನೋಡೋಕೆ ತುಂಬಾ ಸಾದಾ: ವರ್ಷ, ತಿಂಗಳು, ದಿನ ಮೂರನ್ನೂ ಸೇರಿಸಿ ಒಂದು ತಾರೀಖು, ಎರಡು ತಾರೀಖಿನಲ್ಲಿ ಯಾವುದು ಮೊದಲು ಅಂತ ಹೇಳಬೇಕು. ಆದರೆ ಲೂಪ್ ಇಲ್ಲ, ವೇರಿಯಬಲ್‌ಗೆ ಮತ್ತೆ ಬೆಲೆ ಕೊಡುವ ಹಾಗಿಲ್ಲ, ಲಿಸ್ಟ್ ಬಂದರೆ ರಿಕರ್ಶನ್, ಅಂದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು, ಒಂದೇ ದಾರಿ. ಸ್ವಲ್ಪ ದಿನ ತಲೆ ಬಿಸಿಯಾಗುತ್ತದೆ, ಆಮೇಲೆ ಕೈ ಕೂರುತ್ತದೆ. ಎಂಎಲ್‌ನ ಎರರ್ ಮೆಸೇಜ್‌ಗಳು ಮಾತ್ರ ಹೊಸಬರಿಗೆ ನಿಜಕ್ಕೂ ಕಾಟ, ತಾಳ್ಮೆ ಬೇಕು.

ನನ್ನ ಮಟ್ಟಿಗೆ ಇಡೀ ಕೋರ್ಸಿನ ಜೀವ ಇರುವುದು ಬಿ ಭಾಗದಲ್ಲಿ. ಅಲ್ಲಿ ಒಂದು ಪುಟ್ಟ ಭಾಷೆಗೆ ನಾವೇ ಇಂಟರ್‌ಪ್ರಿಟರ್, ಅಂದರೆ ಆ ಭಾಷೆಯ ಕೋಡನ್ನು ಓದಿ ಓಡಿಸುವ ಪ್ರೋಗ್ರಾಂ, ಬರೆಯಬೇಕು. ಕೂಡಿಸುವುದು, ಹೋಲಿಸುವುದು ಎಲ್ಲ ಸಲೀಸು. ಫಂಕ್ಷನ್ ಬಂದಾಗ ನಿಜವಾದ ಪಾಠ ಶುರುವಾಗುತ್ತದೆ. ಫಂಕ್ಷನ್ ಹುಟ್ಟಿದ ಜಾಗದಲ್ಲಿ ಯಾವ ಹೆಸರಿಗೆ ಯಾವ ಬೆಲೆ ಇತ್ತು ಅನ್ನೋದನ್ನ, ಅಂದರೆ ಎನ್ವಿರಾನ್‌ಮೆಂಟನ್ನು, ಫಂಕ್ಷನ್ ಜೊತೆಗೇ ಕಟ್ಟಿ ಇಡಬೇಕು. ಅದೇ ಕ್ಲೋಶರ್. ಮುಂದೆ ಎಲ್ಲಿಂದಲಾದರೂ ಅದನ್ನು ಕರೆದಾಗ, ಕರೆದ ಜಾಗದ ಬೆಲೆಗಳನ್ನು ಬಿಟ್ಟು ಆ ಕಟ್ಟಿಟ್ಟ ಬೆಲೆಗಳಿಗೇ ಹೊಸ ಆರ್ಗ್ಯುಮೆಂಟ್ (ಕರೆಯುವಾಗ ಕೊಟ್ಟ ಬೆಲೆ) ಸೇರಿಸಿ ಓಡಿಸಬೇಕು. ಜಾವಾಸ್ಕ್ರಿಪ್ಟ್ ಇಂಟರ್‌ವ್ಯೂಗಳಲ್ಲಿ ಕ್ಲೋಶರ್ ಅಂದ್ರೇನು ಅಂತ ಕೇಳ್ತಾರಲ್ಲ, ಅದನ್ನ ಸುಮ್ನೆ ಬಾಯಿಪಾಠ ಮಾಡುವುದಕ್ಕೂ ಹೀಗೆ ಕೈಯಾರೆ ಕಟ್ಟುವುದಕ್ಕೂ ಅಜಗಜಾಂತರ. ಈ ಹೋಮ್‌ವರ್ಕ್ ನನಗೆ ತುಂಬಾ ಖುಷಿ ಕೊಟ್ಟಿತು.

ಸಿ ಭಾಗದ ಮೊದಲ ಹೋಮ್‌ವರ್ಕ್ ರೂಬಿಯಲ್ಲಿ ಟೆಟ್ರಿಸ್ ಆಟಕ್ಕೆ ಹೊಸ ತುಂಡುಗಳನ್ನು ಸೇರಿಸುವುದು, ಮಜವಾಗಿದೆ. ಅದಕ್ಕಿಂತ ಒಳ್ಳೆಯದು ಎಂಎಲ್ ಮತ್ತು ರೂಬಿಯನ್ನು ಪಕ್ಕಪಕ್ಕ ಇಟ್ಟು ನೋಡುವ ಪಾಠ. ಎಂಎಲ್ ರೀತಿಯಲ್ಲಿ ಬರೆದರೆ ಹೊಸ ಕೆಲಸ ಸೇರಿಸೋದು ಸುಲಭ, ಒಂದು ಹೊಸ ಫಂಕ್ಷನ್ ಸಾಕು, ಆದರೆ ಹೊಸ ಬಗೆಯ ಡೇಟಾ ಬಂದರೆ ಹಳೆ ಫಂಕ್ಷನ್‌ಗಳನ್ನೆಲ್ಲ ತಿದ್ದಬೇಕು. ರೂಬಿ ರೀತಿಯಲ್ಲಿ ಕ್ಲಾಸ್‌ಗಳಲ್ಲಿ, ಅಂದರೆ ಡೇಟಾ ಮತ್ತು ಅದರ ಕೆಲಸಗಳನ್ನು ಒಟ್ಟಿಗೆ ಕಟ್ಟಿ, ಬರೆದರೆ ಸರಿಯಾಗಿ ಉಲ್ಟಾ. ಯಾವ ಭಾಷೆ ಮೇಲು ಅನ್ನೋ ಜಗಳಗಳಲ್ಲಿ ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರೋಗ್ರಾಮಿಂಗ್ ಈಗಷ್ಟೇ ಶುರು ಮಾಡಿದವರಿಗೆ ಇದು ಬೇಡ, ಒಂದು ಭಾಷೆಯಲ್ಲಾದರೂ ಕೈ ಪಳಗಿರಬೇಕು. ವಿಡಿಯೋ ಮಾತ್ರ ನೋಡಿ ಹೋಮ್‌ವರ್ಕ್ ಬಿಟ್ಟರೆ ಏನೂ ದಕ್ಕುವುದಿಲ್ಲ. ಎ ಭಾಗ ಹಾರಿಸಬೇಡಿ, ಬಿ ನಿಂತಿರುವುದೇ ಅದರ ಮೇಲೆ. ಸಮಯ ಸಾಲದಿದ್ದರೆ ಸಿ ಭಾಗವನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ.