300 ಓಮ್‌ನ ಹೆಡ್‌ಫೋನಿಗೆ ತಕ್ಕ ಆಂಪ್ಲಿಫೈಯರ್

ಮುಂಬೈಯ ಮಾಟುಂಗಾದ ನಮ್ಮ ಮನೆಯಲ್ಲಿ ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನನ್ನು ನಾನು ಬಹುಕಾಲ ಮೊಬೈಲಿಗೇ ಜೋಡಿಸಿ ಕೇಳುತ್ತಿದ್ದೆ. ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆಯ ಹಿಂದಿನ ತಂಬೂರಿ ಸ್ಪಷ್ಟವಾಗಲೆಂದು ಧ್ವನಿಯನ್ನು ಪೂರ್ತಿ ಏರಿಸಿದರೂ ತೃಪ್ತಿಯಾಗುತ್ತಿರಲಿಲ್ಲ. ಈ ಹೆಡ್‌ಫೋನಿನ ಪ್ರತಿರೋಧ 300 ಓಮ್. ಒಂದು ವೋಲ್ಟ್ ಕೊಟ್ಟರೆ ಅದು ಸುಮಾರು 103 ಡೆಸಿಬೆಲ್ ಧ್ವನಿ ಹೊರಡಿಸುತ್ತದೆ. ಹಳೆಯ ಧ್ವನಿಮುದ್ರಣಗಳ ಮಟ್ಟ ತಗ್ಗಿನಲ್ಲಿರುವುದರಿಂದಲೂ ತಾರಸಪ್ತಕದ ಏರಿಕೆಗಳಿಗೆ ಅವಕಾಶ ಉಳಿಯಬೇಕಾದುದರಿಂದಲೂ ಇನ್ನೂ 12 ಡೆಸಿಬೆಲ್ ಬೇಕೆಂದು ಇಟ್ಟುಕೊಂಡರೆ, 4 ವೋಲ್ಟ್, ಅಂದರೆ ಸುಮಾರು 53 ಮಿಲಿವ್ಯಾಟ್ ಬೇಕಾಗುತ್ತದೆ. ಆಂಪ್ಲಿಫೈಯರ್‌ಗಳ ಜಾಹೀರಾತಿನಲ್ಲಿ ಎದ್ದು ಕಾಣುವ ವ್ಯಾಟ್ ಸಂಖ್ಯೆ ಸಾಮಾನ್ಯವಾಗಿ 32 ಓಮ್‌ಗೆ ಸಂಬಂಧಿಸಿದ್ದು. ನಾವು ಕೇಳಿ ತಿಳಿಯಬೇಕಾದುದು 300 ಓಮ್‌ನ ಅಂಕಿಯನ್ನು.

ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಒಂದು ತಾಸು ಕುಳಿತು ಕೇಳಿದ ಮೇಲೆ ಫಿಯೋ ಕೆ7 ಎಂಬ ಆಂಪ್ಲಿಫೈಯರ್ ಕೊಂಡೆ. ಇದರ ಬ್ಯಾಲೆನ್ಸ್ಡ್ ಜ್ಯಾಕ್ (ಎಡಬಲ ಕಿವಿಗಳಿಗೆ ಬೇರೆಬೇರೆ ತಂತಿಜೋಡಿ ಇರುವಂಥದು) 32 ಓಮ್‌ಗೆ 2000 ಮಿಲಿವ್ಯಾಟ್ ಕೊಟ್ಟರೆ, 300 ಓಮ್‌ಗೆ 560 ಮಿಲಿವ್ಯಾಟ್ ಕೊಡುತ್ತದೆ. ಅದಕ್ಕಾಗಿ 4.4 ಮಿಲಿಮೀಟರ್ ಪಿನ್ನಿನ ಕೇಬಲನ್ನು ಬೇರೆಯಾಗಿಯೇ ಕೊಳ್ಳಬೇಕು. ಆದರೆ ನನ್ನ ಅಗತ್ಯಕ್ಕೆ 6.35 ಮಿಲಿಮೀಟರಿನ ಸಾಮಾನ್ಯ ಜ್ಯಾಕ್ ಧಾರಾಳವಾಗಿ ಸಾಕಾಗಿದೆ. ಈಗ ಧ್ವನಿ ಏರಿಸುವ ಗುಂಡಿಯನ್ನು ಅರ್ಧಕ್ಕೂ ತಿರುಗಿಸದೆ, ತಂಬೂರಿಯ ಪಂಚಮ ಮನ್ಸೂರರ ದನಿಯ ಅಡಿಯಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ.