ಮದ್ದೂರು ದಾಟಿದ ಮೇಲೆ ಬಂದ ಸಂದೇಶ: ಬೆಂಗಳೂರು–ಪುಣೆ ವಿಮಾನಯಾನದ ಬಗ್ಗೆ

ಬೆಂಗಳೂರಿನಿಂದ ಪುಣೆಗೆ ನಮ್ಮನ್ನು ಕರೆದೊಯ್ದ ವಿಮಾನ ಸಂಸ್ಥೆಗೆ ಐದರಲ್ಲಿ ಎರಡು ನಕ್ಷತ್ರ ಕೊಡುತ್ತಿದ್ದೇನೆ. ಆ ಎರಡೂ ಸಲ್ಲಬೇಕಾದದ್ದು ವೀಲ್‌ಚೇರ್ ತಳ್ಳಿದ ಹುಡುಗನಿಗೆ ಮತ್ತು ಕೇಳದೆಯೇ ಬಿಸಿನೀರು ತಂದುಕೊಟ್ಟ ಗಗನಸಖಿಗೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ನನ್ನ ದೂರು ಇನ್ನೂ ಇತ್ಯರ್ಥವಾಗಿಲ್ಲ, ಮೇಲಾಗಿ ಇಲ್ಲಿ ಹೇಳುವ ಬಹುಪಾಲು ಮಾತು ಅಗ್ಗದ ದರದಲ್ಲಿ ಹಾರುವ ಎಲ್ಲ ಸಂಸ್ಥೆಗಳಿಗೂ ಹೊಂದುತ್ತದೆ.

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಫಿಸಿಯೋಥೆರಪಿಸ್ಟ್. ಬೆಳಗಿನಿಂದ ಸಂಜೆಯವರೆಗೆ ಮಂಡಿ ನೋವು, ಸೊಂಟ ನೋವು ಎಂದು ಬರುವ ಹಿರಿಯರನ್ನು ನೋಡುತ್ತೇನೆ. ನನ್ನ ಅತ್ತೆ ಮಂಡ್ಯದವರು, ಎಪ್ಪತ್ತನಾಲ್ಕು ವರ್ಷ. ಎರಡೂ ಮಂಡಿ ಸವೆದಿವೆ, ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಪುಣೆಯಲ್ಲಿರುವ ನಾದಿನಿಯ ಮನೆಗೆ ಅವರನ್ನು ಬಿಟ್ಟು ಬರಲು ಹೊರಟೆವು.

ಮೈಸೂರಿನಲ್ಲೂ ವಿಮಾನ ನಿಲ್ದಾಣವಿದೆಯಲ್ಲ ಎಂದು ಹೊರಗಿನವರು ಕೇಳುತ್ತಾರೆ. ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ ಇದೆ, ನಿಜ. ಆದರೆ ಅದರ ಓಡುದಾರಿ 1,740 ಮೀಟರ್ ಮಾತ್ರ. ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ವಿಮಾನಗಳು ಅಲ್ಲಿ ಇಳಿಯುತ್ತವೆ, ದೊಡ್ಡ ಜೆಟ್‌ಗಳ ವಾಡಿಕೆಯ ಸಂಚಾರಕ್ಕೆ ಅದು ಸಾಲದು. ಓಡುದಾರಿಯನ್ನು 2,750 ಮೀಟರಿಗೆ ಹಿಗ್ಗಿಸುವ ಮಾತು ಬಹಳ ಕಾಲದಿಂದ ನಡೆಯುತ್ತಿದೆ. ಅಲ್ಲಿಯವರೆಗೆ ಮೈಸೂರು, ಮಂಡ್ಯದ ಜನರಿಗೆ ಹೆಚ್ಚಿನ ಊರುಗಳ ವಿಮಾನವೆಂದರೆ ದೇವನಹಳ್ಳಿಯೇ. ಆದ್ದರಿಂದ ನಮ್ಮ ಪ್ರಯಾಣ ವಿಮಾನ ಏರುವ ಆರೇಳು ಗಂಟೆ ಮೊದಲೇ ಶುರುವಾಗುತ್ತದೆ. ಟಿಕೆಟ್ ಮಾರುವ ಯಾವ ಸಂಸ್ಥೆಯೂ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಟಿಕೆಟ್ ಕೊಂಡ ಮೇಲೆ ಮೊದಲ ಕಿರಿಕಿರಿ ಆಸನದ್ದು. ಆನ್‌ಲೈನ್ ಚೆಕ್-ಇನ್ ಪುಟ ತೆರೆದರೆ ಬಣ್ಣಬಣ್ಣದ ಆಸನಗಳಿಗೆಲ್ಲ ಬೆಲೆ. ಹಣ ಕೊಡದೆ ಮುಂದೆ ಹೋಗುವ ದಾರಿ ಪುಟದ ತಳದಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿದೆ. ಅದನ್ನು ಒತ್ತಿದರೆ ಅತ್ತೆಗೊಂದು ಕಡೆ, ನನಗೊಂದು ಕಡೆ ಮಧ್ಯದ ಆಸನ. ಮಂಡಿ ಸವೆದವರಿಗೆ ಮಧ್ಯದ ಆಸನ ಕೊಡುವುದೆಂದರೆ ಏನೆಂದು ಹೇಳುತ್ತೇನೆ. ಮುಂದಿನ ಆಸನದ ಬೆನ್ನು ತೀರಾ ಹತ್ತಿರವಿರುವುದರಿಂದ ಮಂಡಿ ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಿಯೇ ಇರಬೇಕು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆಯಾದರೂ ಕಾಲು ಚಾಚದಿದ್ದರೆ ಎದ್ದು ನಿಲ್ಲುವಾಗ ಮೊದಲ ಹೆಜ್ಜೆಗೆ ಜೀವ ಹೋಗುತ್ತದೆ. ಹಾದಿಯ ಬದಿಯ ಆಸನವಾದರೆ ಒಂದು ಕಾಲನ್ನಾದರೂ ಹೊರಗೆ ಚಾಚಬಹುದು. ತುರ್ತು ಬಾಗಿಲ ಬಳಿ ಜಾಗ ಹೆಚ್ಚಿರುತ್ತದೆ, ಆದರೆ ಓಡಾಟಕ್ಕೆ ತೊಂದರೆ ಇರುವವರನ್ನು ಅಲ್ಲಿ ಕೂರಿಸುವಂತಿಲ್ಲ. ಅದು ಸರಿಯಾದ ನಿಯಮ. ಕೊನೆಗೆ ದುಡ್ಡು ತೆತ್ತು ಅಕ್ಕಪಕ್ಕದ ಎರಡು ಆಸನ ಪಡೆದೆ.

ಗ್ರಾಹಕರನ್ನು ಹೀಗೆ ಪುಟದ ವಿನ್ಯಾಸದಿಂದಲೇ ದಾರಿ ತಪ್ಪಿಸುವುದರ ವಿರುದ್ಧ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಆಸನ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ಸೂಚಿಸಿತು. ವೀಲ್‌ಚೇರ್ ಕೇಳಿದ ಹಿರಿಯರಿಗೂ ಜೊತೆಗಿರುವವರಿಗೂ ಅದೇ ಸೌಲಭ್ಯ ಏಕೆ ಸಿಗಬಾರದು? ಅವರಿಗೆ ವೀಲ್‌ಚೇರ್ ಬೇಕೆಂದು ಸಂಸ್ಥೆಗೆ ಗೊತ್ತೇ ಇದೆ, ನಾನೇ ಮುಂಚಿತವಾಗಿ ತಿಳಿಸಿದ್ದೆ.

ಇನ್ನು ಹೊರಟ ದಿನದ ವಿಷಯ. ವಿಮಾನ ಸಂಜೆ 4:40ಕ್ಕೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ, ವಿಮಾನ ನಿಲ್ದಾಣಕ್ಕೆ ನೇರವಾಗಿ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತಿದೆವು. ಈ ಬಸ್ಸಿನ ಬಗ್ಗೆ ನನಗೆ ಒಳ್ಳೆಯ ಮಾತೇ ಇದೆ: ಕಾಲು ಚಾಚಲು ವಿಮಾನಕ್ಕಿಂತ ಹೆಚ್ಚು ಜಾಗ, ಅತ್ತೆ ಹತ್ತುವಾಗ ಚಾಲಕ ತಾನೇ ಇಳಿದು ಬಂದು ಕೈ ಕೊಟ್ಟ. ಮದ್ದೂರು ದಾಟಿದ ಮೇಲೆ ಮೊಬೈಲಿಗೆ ಸಂದೇಶ ಬಂತು. ಕಾರ್ಯಾಚರಣೆಯ ಕಾರಣದಿಂದ ವಿಮಾನ 6:10ಕ್ಕೆ ಹೊರಡುತ್ತದೆ, ಅಡಚಣೆಗೆ ವಿಷಾದಿಸುತ್ತೇವೆ.

ಬೆಂಗಳೂರಿನವರಿಗೆ ಆ ಸಂದೇಶ ಸಾಕಷ್ಟು ಮುಂಚೆಯೇ ಬಂದಿದೆ. ಅವರು ಇನ್ನೂ ಮನೆಯಲ್ಲೇ ಇರುತ್ತಾರೆ, ಒಂದು ಗಂಟೆ ತಡವಾಗಿ ಹೊರಡುತ್ತಾರೆ. ನಮಗೆ ಹಿಂದಿರುಗುವ ದಾರಿಯಿಲ್ಲ, ಕಾಯುವ ಜಾಗವೂ ಇಲ್ಲ. ಹೋಗಲಿ, ಒಂದೂವರೆ ಗಂಟೆ ತಾನೆ ಎಂದು ಸುಮ್ಮನಾದೆ. ನಿಲ್ದಾಣ ತಲುಪಿ, ಕಟ್ಟಿಕೊಂಡು ಹೋಗಿದ್ದ ಮೊಸರನ್ನ ತಿಂದು ಕೂತ ಮೇಲೆ 6:10 ಎಂಬುದು 7:00 ಆಯಿತು. ಅನಂತರ 7:40. ವಿಮಾನ ನೆಲ ಬಿಟ್ಟಾಗ ಎಂಟು ದಾಟಿತ್ತು.

ನನ್ನ ಸಿಟ್ಟು ತಡವಾದದ್ದಕ್ಕಲ್ಲ, ಕಂತುಕಂತಾಗಿ ಹೇಳಿದ್ದಕ್ಕೆ. ಒಂದೇ ವಿಮಾನ ದಿನವಿಡೀ ಊರಿಂದೂರಿಗೆ ಹಾರುತ್ತಿರುತ್ತದೆ. ಬೆಳಗಿನ ಮೊದಲ ಹಾರಾಟ ತಡವಾದರೆ ಆ ತಡ ಸಂಜೆಯವರೆಗೂ ಸರಿದು ಬರುತ್ತದೆ, ದಾರಿಯಲ್ಲಿ ಬೆಳೆಯುವುದೂ ಉಂಟು. ನಮ್ಮನ್ನು ಕರೆದೊಯ್ಯಬೇಕಿದ್ದ ವಿಮಾನ ಎಲ್ಲಿದೆಯೆಂದು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ನಾನೂ ನೋಡಿದೆ. ಗೇಟಿನ ತೆರೆಯ ಮೇಲೆ 6:10 ಎಂದು ಹೊಳೆಯುತ್ತಿದ್ದಾಗ ಆ ವಿಮಾನ ಇನ್ನೂ ಬೇರೊಂದು ಊರಿನ ನೆಲದ ಮೇಲಿತ್ತು. ಅದು ಬಂದು, ಜನ ಇಳಿದು, ಗುಡಿಸಿ, ಇಂಧನ ತುಂಬಿ ಹೊರಡಲು ಎಷ್ಟು ಹೊತ್ತು ಬೇಕೆಂದು ಸಂಸ್ಥೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೇಳಲಿಲ್ಲ. ಮಂಡ್ಯ ದಾಟುವ ಮೊದಲೇ ಎಂಟು ಗಂಟೆ ಎಂದು ಹೇಳಿದ್ದರೆ ಅಲ್ಲೇ ಇಳಿದು ಅತ್ತೆಯನ್ನು ಅವರ ತಮ್ಮನ ಮನೆಯಲ್ಲಿ ಮಲಗಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದೆ.

ಹಿರಿಯರಿಗೆ ಸಮಯವೆಂಬುದು ದೇಹಕ್ಕೆ ಸಂಬಂಧಿಸಿದ ವಿಷಯ. ಅತ್ತೆ ತೆಗೆದುಕೊಳ್ಳುವ ಬಗೆಯ ಇನ್ಸುಲಿನನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡು ತಿನ್ನದಿದ್ದರೆ ಸಕ್ಕರೆ ಕುಸಿಯುತ್ತದೆ, ಚುಚ್ಚಿಕೊಳ್ಳದೆ ತಿಂದರೆ ಏರುತ್ತದೆ. ಆದ್ದರಿಂದ ಗೇಟಿನಲ್ಲಿದ್ದ ತರುಣಿಯನ್ನು ಖಚಿತವಾಗಿ ಕೇಳಿದೆ. ಏಳಕ್ಕೆ ಸರಿಯಾಗಿ ಒಳಗೆ ಬಿಡುತ್ತೇವೆ, ಇನ್ನು ಬದಲಾಗುವುದಿಲ್ಲ ಎಂದರು. ಆಸನದಲ್ಲಿ ಕೂತ ಕೂಡಲೇ ಊಟವೆಂದು ಲೆಕ್ಕ ಹಾಕಿ ಏಳಕ್ಕೆ ಸ್ವಲ್ಪ ಮುಂಚೆ ಇನ್ಸುಲಿನ್ ಕೊಟ್ಟೆ. ಏಳಕ್ಕೆ ಕರೆದರು, ವೀಲ್‌ಚೇರಿನವರನ್ನು ಮೊದಲು. ವಿಮಾನದ ಬಾಗಿಲಿಗೆ ಸೇರುವ ಮುಚ್ಚಿದ ನಡೆದಾರಿಯಾದ ಏರೋಬ್ರಿಜ್‌ನ ಅರ್ಧಕ್ಕೆ ಹೋಗುವಷ್ಟರಲ್ಲಿ ತಡೆದರು: ಒಳಗೆ ಸ್ವಚ್ಛತೆ ಮುಗಿದಿಲ್ಲ. ನಮ್ಮ ಹಿಂದೆ ಉಳಿದ ಪ್ರಯಾಣಿಕರನ್ನೂ ಬಿಟ್ಟಿದ್ದರು. ಗಾಳಿಯಾಡದ ಆ ಇಕ್ಕಟ್ಟಿನಲ್ಲಿ, ಸುತ್ತ ಜನರ ಪೆಟ್ಟಿಗೆಗಳು ಒತ್ತುತ್ತಿರುವಾಗ, ಅತ್ತೆ ತೊಡೆಯ ಮೇಲೆ ಡಬ್ಬಿಯ ಮುಚ್ಚಳ ಇಟ್ಟುಕೊಂಡು ಚಟ್ನಿಪುಡಿ ಸವರಿ ಸುತ್ತಿದ ಚಪಾತಿ ತಿಂದರು. ನಾನು ಅಡ್ಡ ನಿಂತು ಜನರನ್ನು ತಡೆದೆ. ಮಡಿ, ಮರ್ಯಾದೆ ಎಂದು ಇಡೀ ಜೀವನ ಅಚ್ಚುಕಟ್ಟಾಗಿ ಎಲೆ ಮುಂದೆ ಕೂತು ಉಂಡವರು ಅವರು. "ಯಾರೂ ನೋಡುತ್ತಿಲ್ಲ ತಾನೆ?" ಎಂದು ಎರಡು ಸಲ ಕೇಳಿದರು. ಆ ಮಾತಿಗೆ ನನಗೆ ಬಂದ ಸಂಕಟವನ್ನು ಯಾವ ವಿಷಾದದ ಸಂದೇಶವೂ ಇಳಿಸಲಾರದು.

ವೀಲ್‌ಚೇರ್ ಹುಡುಗನ ಬಗ್ಗೆ ಬರೆಯಲೇಬೇಕು. ಕೆ.ಆರ್. ಪೇಟೆ ಕಡೆಯವನು. ಅತ್ತೆ ಗಿಡ್ಡ, ಪಾದ ಕೆಳಗಿನ ಹಲಗೆಗೆ ಎಟುಕುತ್ತಿರಲಿಲ್ಲ. ಕಾಲು ಹಾಗೆ ನೇತಾಡಿದರೆ ತೊಡೆಯ ಹಿಂಭಾಗ ಒತ್ತಿ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ, ಪಾದ ಊದುತ್ತದೆ. ನಾನು ಹೇಳುವ ಮೊದಲೇ ಅವನು ಬಗ್ಗಿ ನೋಡಿ, ಹಲಗೆಯ ತಿರುಪು ಸಡಿಲಿಸಿ, ಎರಡು ಬೆರಳಿನಷ್ಟು ಮೇಲಕ್ಕೆತ್ತಿ ಬಿಗಿದ. "ಅಮ್ಮಾ, ಈಗ ಪಾದ ಊರಿ ನೋಡಿ" ಎಂದ. ಏರೋಬ್ರಿಜ್‌ನ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ತಿರುಗಿಸಿ ಇಳಿಸಿದ. ಮುಂದಕ್ಕೆ ಇಳಿಸಿದರೆ ಕೂತವರು ಜಾರುತ್ತಾರೆ. ಇದನ್ನು ನಾನು ನನ್ನ ರೋಗಿಗಳ ಮನೆಯವರಿಗೆ ಮತ್ತೆಮತ್ತೆ ಕಲಿಸಬೇಕಾಗುತ್ತದೆ. ವೀಲ್‌ಚೇರ್ ಸೇವೆಯನ್ನು ಸಣ್ಣದೆಂದು ಯಾರೂ ಭಾವಿಸಬಾರದು. 2024ರ ಫೆಬ್ರುವರಿಯಲ್ಲಿ ಮುಂಬೈ ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಸಾಲದೆ ನಡೆದುಕೊಂಡು ಹೋದ ಹಿರಿಯರೊಬ್ಬರು ಕುಸಿದು ತೀರಿಕೊಂಡರು. ಆ ಪ್ರಕರಣದಲ್ಲಿ ಮಹಾನಿರ್ದೇಶನಾಲಯ ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿತು.

ಊಟೋಪಚಾರದ ವಿಷಯ. ಎರಡೂವರೆ ಗಂಟೆಯವರೆಗಿನ ಹಾರಾಟ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗುವುದಾದರೆ ಪ್ರಯಾಣಿಕರಿಗೆ ಉಚಿತವಾಗಿ ತಿಂಡಿ, ಪಾನೀಯ ಕೊಡಬೇಕೆಂಬ ನಿಯಮವಿದೆ. ಗೇಟಿನಲ್ಲಿ ಕೇಳಿದಾಗ ಮೇಲಿನಿಂದ ಆದೇಶ ಬಂದಿಲ್ಲ ಎಂದರು. ನಿಯಮದ ಪುಟವನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದ ಮೇಲೆ ಆದೇಶ ಬಂತು, ಇಡೀ ಸಾಲಿಗೆ ಸಿಕ್ಕಿತು. ತಣ್ಣಗಿನ ಮೈದಾ ಬ್ರೆಡ್ಡಿನ ಸ್ಯಾಂಡ್‌ವಿಚ್, ಸಕ್ಕರೆ ತುಂಬಿದ ಮಾವಿನ ರಸದ ಪೊಟ್ಟಣ. ಸಕ್ಕರೆ ಕಾಯಿಲೆಯವರಿಗೆ ಬೇರೆ ಏನಾದರೂ ಇದೆಯೇ ಎಂದರೆ ಇಲ್ಲ. ಒಂದು ಲೋಟ ಮಜ್ಜಿಗೆ, ಒಂದು ಬಾಳೆಹಣ್ಣು ಸಾಕಿತ್ತು.

ವಿಮಾನದೊಳಗೆ ದೂರಲು ಹೆಚ್ಚೇನೂ ಇಲ್ಲ. ಆಸನ ಸ್ವಚ್ಛವಾಗಿತ್ತು, ಹಾರಾಟ ಸುಗಮವಾಗಿತ್ತು. ಅತ್ತೆ ಮಾತ್ರೆ ತೆಗೆಯುವುದನ್ನು ನೋಡಿ ಗಗನಸಖಿ ಬಿಸಿನೀರು ತಂದುಕೊಟ್ಟು, ಕಾಲು ಚಾಚಿಕೊಳ್ಳಿ, ಗಾಡಿ ಬರುವಾಗ ನಾನೇ ಹೇಳುತ್ತೇನೆ ಎಂದರು.

ಮನೆಗೆ ಬಂದ ಮೇಲೆ ಗ್ರಾಹಕ ಸೇವೆಗೆ ಬರೆದೆ. ಮೊದಲು ಯಂತ್ರ ಉತ್ತರಿಸಿತು: ಆಯ್ಕೆ ಒಂದು, ಆಯ್ಕೆ ಎರಡು. ನನ್ನ ದೂರು ಯಾವ ಆಯ್ಕೆಯಲ್ಲೂ ಇರಲಿಲ್ಲ. ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡುವವರು ಸಿಗಲಿಲ್ಲ. ನನಗೆ ಇಂಗ್ಲಿಷ್ ಬರುತ್ತದೆ, ಅತ್ತೆ ಒಬ್ಬರೇ ಹೋಗಿದ್ದರೆ ಯಾರ ಬಳಿ ಮಾತನಾಡಬೇಕಿತ್ತು? ಕೊನೆಗೆ ಐನೂರು ರೂಪಾಯಿಯ ರಿಯಾಯಿತಿ ಚೀಟಿ ಕಳುಹಿಸಿ, ಅದೂ ಅವರದೇ ಮುಂದಿನ ಟಿಕೆಟಿಗೆ, ದೂರು ಮುಕ್ತಾಯವಾಗಿದೆ ಎಂದು ಬರೆದರು. ನಾನು ಹಣ ಕೇಳಿರಲಿಲ್ಲ. ವಿಮಾನ ಎಲ್ಲಿದೆಯೆಂದು ಗೊತ್ತಿದ್ದೂ ಏಕೆ ಹೇಳಲಿಲ್ಲ ಎಂದು ಕೇಳಿದ್ದೆ.

ಈಗ ವಿಮಾನ ಪ್ರಯಾಣಿಕರ ದೂರು ಕೇಳುವ ಕೇಂದ್ರದ ಏರ್‌ಸೇವಾ ಪೋರ್ಟಲಿನಲ್ಲಿ ಅದೇ ಪ್ರಶ್ನೆ ಹಾಕಿದ್ದೇನೆ. ನಮ್ಮ ದೇಶದ ನಿಯಮದಲ್ಲಿ ಬರೀ ತಡಕ್ಕೆ ನಗದು ಪರಿಹಾರವಿಲ್ಲ. ಆರು ಗಂಟೆಗಿಂತ ಹೆಚ್ಚು ತಡವಾದರೆ ಮಾತ್ರ ಬೇರೆ ವಿಮಾನ ಅಥವಾ ಪೂರ್ತಿ ಹಣ ಹಿಂದಕ್ಕೆ ಕೇಳಬಹುದು. ಯುರೋಪಿನಲ್ಲಿ 1,500 ಕಿಲೋಮೀಟರ್‌ವರೆಗಿನ ಹಾರಾಟ ಮೂರು ಗಂಟೆ ತಡವಾಗಿ ತಲುಪಿದರೆ, ತಪ್ಪು ಸಂಸ್ಥೆಯದಾಗಿದ್ದಲ್ಲಿ, 250 ಯುರೋ ಕೊಡಬೇಕು. ಏರ್‌ಸೇವಾದಲ್ಲೂ ಉತ್ತರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಊರಿನಲ್ಲೇ ದಾವೆ ಹೂಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಗೇಟಿನ ತೆರೆಯ ಚಿತ್ರ, ಆ ಹೊತ್ತಿನ ವಿಮಾನದ ಜಾಗ ತೋರಿಸುವ ಮೊಬೈಲ್ ಚಿತ್ರ, ಬಂದ ಸಂದೇಶಗಳು, ಎಲ್ಲವನ್ನೂ ತೆಗೆದಿಟ್ಟಿದ್ದೇನೆ.

ಹಿರಿಯರನ್ನು ಕರೆದೊಯ್ಯುವ ಮೈಸೂರು, ಮಂಡ್ಯದವರಿಗೆ ನನ್ನ ಸಲಹೆ: ಸಂಜೆಯ ವಿಮಾನ ಬೇಡ, ಹಿಂದಿನ ಹಾರಾಟಗಳ ತಡವೆಲ್ಲ ಅದರ ಮೇಲೆ ಬೀಳುತ್ತದೆ. ಬೆಳಗಿನ ವಿಮಾನ ಹಿಡಿಯಲು ರಾತ್ರಿಯೇ ಹೊರಡಬೇಕು ನಿಜ, ಆದರೂ ಅದೇ ವಾಸಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಜೊತೆಗೆ ಎರಡು ಹೊತ್ತಿನ ಊಟ. ಹೊರಡುವ ಮುನ್ನ ವಿಮಾನ ಎಲ್ಲಿದೆಯೆಂದು ನೀವೇ ನೋಡಿ. ಅತ್ತೆಯನ್ನು ಕರೆತರಲು ಮಾತ್ರ ರೈಲು ನೋಡುತ್ತಿದ್ದೇನೆ. ಪುಣೆಯಿಂದ ಮೈಸೂರಿಗೆ ನೇರ ರೈಲಿದೆ, ವಾರದ ಎಲ್ಲ ದಿನ ಇಲ್ಲ. ಕೆಳಗಿನ ಬರ್ತ್ ಸಿಕ್ಕ ದಿನಕ್ಕೆ ಟಿಕೆಟ್ ಮಾಡಿಸುತ್ತೇನೆ.